ಹನಿ ನಂಬದ ಪೈಪಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಟಿನ ಕಾರ್ಖಾನೆಯ ಎರಡು ಶೆಡ್ಡುಗಳ ನಡುವಿನ ಅಂಗಳದಲ್ಲಿ, ಎದೆಮಟ್ಟದಲ್ಲಿ ಹಾದುಹೋಗುವ ಕಬ್ಬಿಣದ ಪೈಪಿನ ಮೇಲೆ ಅಂಗೈ ಊರಿ ಒಬ್ಬ ಹೆಂಗಸು ನಿಂತಿದ್ದಾರೆ. ತಲೆಗೆ ಬಿಗಿಯಾಗಿ ಕಟ್ಟಿದ ಹತ್ತಿ ಬಟ್ಟೆ, ಮೊಣಕೈವರೆಗೆ ಏರಿಸಿದ ದಪ್ಪ ತೊಗಲಿನ ಕೈಗವಸು. ಬಲಗೈಯದನ್ನು ಮಾತ್ರ ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಾರೆ. ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಮುಟ್ಟುತ್ತಾರೆ. ಇನ್ನೊಂದು ಹೆಜ್ಜೆ, ಇನ್ನೊಮ್ಮೆ. ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಹೀಗೆ ಮುಟ್ಟಿ ನೋಡಿದ ಮೇಲಷ್ಟೇ ಬಾಯಿಬಿಡುತ್ತಾರೆ: "ಪೂರ್ತಿ ಕಲ್ಲಾಗಿದೆ. ರಾತ್ರಿ ಚಳಿ ಜೋರಿತ್ತಲ್ಲ."

ಮ್ಯಾನೇಜರಿಂದ ಹಿಡಿದು ಲಾರಿ ಕ್ಲೀನರ್‌ವರೆಗೆ ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಪೈಪಕ್ಕ ಎಂದೇ. ಮನೆಯಲ್ಲಿ ಅತ್ತಿಗೆಗೆ ಸಿಟ್ಟು ಬಂದರೂ ಇದೇ ಹೆಸರಂತೆ. "ಮೊದಮೊದಲು ಮೈ ಉರೀತಿತ್ತು. ಈಗ ಯಾರಾದ್ರೂ ನಿಜವಾದ ಹೆಸರು ಹಿಡಿದು ಕೂಗಿದ್ರೆ ಬೇರೆ ಯಾರನ್ನೋ ಕರೀತಿದ್ದಾರೆ ಅನ್ಕೊಂಡು ಸುಮ್ಮನಿರ್ತೀನಿ," ಎಂದು ನಗುತ್ತಾರೆ. ಐವತ್ತರ ಆಸುಪಾಸಿನ ವಯಸ್ಸು, ಸಣಕಲು ಮೈ, ನೋಡಿದರೆ ಗಾಳಿಗೆ ಹಾರಿಹೋಗುವಂತಿದ್ದಾರೆ. ಆದರೆ ಇವರು ಕೈಯಿಡದೆ ಈ ಕಾರ್ಖಾನೆಯಿಂದ ಒಂದು ತೊಟ್ಟು ಅಂಟೂ ಆಚೆ ಹೋಗುವುದಿಲ್ಲ.

ನಿಮ್ಮ ಮಗು ಶಾಲೆಗೆ ಒಯ್ಯುವ ಪುಸ್ತಕದ ಬೆನ್ನನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ. ಹಾಳೆಗಳು ಉದುರದೆ ಕಟ್ಟಾಗಿ ಕೂತಿವೆಯಲ್ಲ, ಅವನ್ನು ಹಿಡಿದಿಟ್ಟಿರುವುದು ಇಂಥದೇ ಅಂಟು. ಒಂದು ಶೆಡ್ಡಿನಲ್ಲಿ ರಾಳ, ಮೇಣ, ಇನ್ನೂ ಏನೇನೋ ಸೇರಿಸಿ ಆಳೆತ್ತರದ ಹಂಡೆಯಲ್ಲಿ ಬೇಯಿಸುತ್ತಾರೆ. ಇನ್ನೊಂದು ಶೆಡ್ಡಿನಲ್ಲಿ ಅದನ್ನು ಡಬ್ಬಗಳಿಗೆ ತುಂಬುತ್ತಾರೆ. ನಡುವೆ ಅಂಗಳ ದಾಟಿಸುವುದಕ್ಕೆ ಇರುವುದು ಇದೊಂದೇ ಪೈಪು. ಬಿಸಿಯಿದ್ದಾಗ ಆ ಅಂಟು ಜೇನುತುಪ್ಪ. ತಣ್ಣಗಾದರೆ ಸುತ್ತಿಗೆಗೂ ಬಗ್ಗದ ಕಲ್ಲು. ಸಂಜೆ ಹಂಡೆಯ ಬೆಂಕಿ ಆರಿಸಿದ ಮೇಲೆ ಪೈಪಿನೊಳಗೆ ಉಳಿದದ್ದೆಲ್ಲ ರಾತ್ರಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಬೆಳಿಗ್ಗೆ ಅದಕ್ಕೆ ಮತ್ತೆ ಜೀವ ಬರಿಸುವುದು ಪೈಪಕ್ಕನ ಕೆಲಸ.

ಇದರಲ್ಲೇನು ಮಹಾ, ಹಬೆ ಹಿಡಿದರೆ ಕರಗುತ್ತದೆ ಎಂದುಕೊಂಡರೆ ಕೆಟ್ಟಿರಿ. ಪೈಪಕ್ಕ ಹಳೆಯ ಗೋಣಿಚೀಲವನ್ನು ಪೈಪಿಗೆ ಸುತ್ತಿ, ಬಾಯ್ಲರಿನಿಂದ ಬರುವ ರಬ್ಬರ್ ಕೊಳವೆಯಿಂದ ಅದರ ಮೇಲೆ ಹಬೆ ಬಿಡುತ್ತಾರೆ. ಆದರೆ ಎಲ್ಲಿಂದ ಶುರುಮಾಡಬೇಕು ಎನ್ನುವುದರಲ್ಲೇ ಕೆಲಸದ ಜೀವಾಳವೆಲ್ಲ ಇದೆ. ಹಂಡೆಯ ಕಡೆಯಿಂದ ಅಲ್ಲ, ನಡುವಿನಿಂದಂತೂ ಅಲ್ಲವೇ ಅಲ್ಲ. ಅಂಟು ಹೊರಬೀಳುವ ತುದಿಯಿಂದ, ಅಂದರೆ ಪೈಪಿನ ಬಾಯಿಯಿಂದ ಹಿಂದಕ್ಕೆ ಬರಬೇಕು.

"ಚಳಿಗಾಲದಲ್ಲಿ ತಲೆಗೆ ಹಚ್ಚೋ ಎಣ್ಣೆ ಬಾಟಲಿ ಹೆಪ್ಪುಗಟ್ಟುತ್ತಲ್ವಾ? ನಾವೇನು ಮಾಡ್ತೀವಿ? ಹೊಟ್ಟೆ ಭಾಗ ಬಿಸಿ ಮಾಡ್ತೀವಿ. ಒಳಗೆ ಕರಗಿರುತ್ತೆ, ಕುತ್ತಿಗೆಯಲ್ಲಿ ಗಟ್ಟಿ ಇರುತ್ತೆ. ಒತ್ತಿದ್ರೆ ಮುಚ್ಚಳ ಹಾರಿ ಎಣ್ಣೆ ಗೋಡೆಗೆ. ಪೈಪೂ ಹಾಗೇನೇ. ಕರಗಿದ್ದು ಹಿಗ್ಗುತ್ತೆ, ಹಿಗ್ಗಿದ್ದಕ್ಕೆ ದಾರಿ ಬೇಕು. ದಾರಿ ಕೊಡಲಿಲ್ಲ ಅಂದ್ರೆ ಅದೇ ಮಾಡ್ಕೊಳುತ್ತೆ."

ಈ ಬಾಟಲಿಯ ಪಾಠ ಅವರಿಗೆ ಹೇಳಿಕೊಟ್ಟದ್ದು ಅಣ್ಣ. ಈ ಕೆಲಸ ಮೊದಲು ಅವರದೇ ಆಗಿತ್ತು. ಈಗ ಅವರು ಇದೇ ಕಾರ್ಖಾನೆಯ ಗೇಟಿನಲ್ಲಿ ಕೂರುತ್ತಾರೆ. ಎಡಗೈಯಲ್ಲಿ ಗೇಟು ತೆಗೆಯುತ್ತಾರೆ, ಎಡಗೈಯಲ್ಲೇ ಸಲಾಮು ಹೊಡೆಯುತ್ತಾರೆ. ಬಲಗೈ ಸದಾ ಜೇಬಿನಲ್ಲಿ.

ಅದು ಕೆಲಸ ಗೊತ್ತಿಲ್ಲದವರು ಮಾಡಿದ ತಪ್ಪಲ್ಲ, ಕೆಲಸ ಗೊತ್ತಿದ್ದವರು ಮಾತ್ರ ಮಾಡಬಹುದಾದ ತಪ್ಪು. ಆಗ ಅಣ್ಣ ಒಬ್ಬರೇ ಪೈಪು ನೋಡಿಕೊಳ್ಳುತ್ತಿದ್ದರು. ಪೈಪಿನ ಬಾಯಿ ತುಂಬುವ ಶೆಡ್ಡಿನ ಒಳಗಿದೆ, ಗೋಡೆಯ ಆಚೆಗೆ. ಹಬೆ ಹಿಡಿದವರಿಗೆ ಅದು ಕಾಣುವುದಿಲ್ಲ. ಆ ಬೆಳಿಗ್ಗೆ ಅವರು ನಿಯಮದಂತೆ ಬಾಯಿಯ ಕಡೆಯಿಂದಲೇ ಶುರುಮಾಡಿದ್ದರು. ಕೊಳವೆ ಕೆಳಗಿಟ್ಟು ಒಳಗೆ ಓಡಿಹೋಗಿ ನೋಡಿದರು. ತೊಟ್ ತೊಟ್ ಎಂದು ಹನಿ ಬೀಳುತ್ತಿತ್ತು. ಬಾಯಿ ತೆರೆದಿದೆ ಎಂದುಕೊಂಡು ವಾಪಸು ಬಂದವರೇ ಹಬೆಯನ್ನು ಅಂಗಳದ ನಡುವಿನ ಜಾಯಿಂಟಿಗೆ ಹಿಡಿದರು. ಸ್ವಲ್ಪ ಹೊತ್ತಿಗೆ ಜಾಯಿಂಟು ಸಿಡಿಯಿತು.

"ನೀರು ಬಿದ್ರೆ ಜಾರಿಹೋಗುತ್ತೆ. ಎಣ್ಣೆನೂ ಒರೆಸಿಬಿಡಬಹುದು. ಅಂಟು ಹೋಗಲ್ಲ ನೋಡಿ," ಎನ್ನುವಾಗ ಪೈಪಕ್ಕ ತಮ್ಮ ಬಲಗೈಯನ್ನು ಎಡಗೈಯಿಂದ ಸವರಿಕೊಳ್ಳುತ್ತಾರೆ. ಅಣ್ಣನ ಬಲಗೈಯ ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಮಡಚಿಹೋದವು. ಆಸ್ಪತ್ರೆಯಿಂದ ಬಂದ ಮೇಲೆ ಕಾರ್ಖಾನೆಯವರು ಗೇಟಿನ ಕೆಲಸ ಕೊಟ್ಟರು. ಗೇಟಿಗೂ ಅಂಗಳಕ್ಕೂ ನಡುವೆ ಲಾರಿ ತೂಗುವ ಕಟ್ಟೆಯಿದೆ. ಇಷ್ಟು ವರ್ಷಗಳಲ್ಲಿ ಅಣ್ಣ ಆ ಕಟ್ಟೆ ದಾಟಿ ಒಳಗೆ ಕಾಲಿಟ್ಟವರಲ್ಲ. ಸಂಬಳಕ್ಕೆ ಸಹಿ ಹಾಕುವ ಪುಸ್ತಕವೂ ಗೇಟಿಗೇ ಬರುತ್ತದೆ.

ಖಾಲಿಬಿದ್ದ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಡಬ್ಬಗಳಿಗೆ ಮುಚ್ಚಳ ಹಾಕುವ ಸಾಲಿನಲ್ಲಿ ನಿಂತಿದ್ದ ತಂಗಿ ಕೈಯೆತ್ತಿದರು. ಮನೆಯಲ್ಲಿ ರಣರಂಗ. "ನನ್ನ ಕೈ ತಿಂದಿದ್ದು ಸಾಲದಾ, ನೀನೂ ಹೋಗಿ ಬಾಯಿಗೆ ಬೀಳಬೇಕಾ ಅಂತ ಅಣ್ಣ ಕೂಗಾಡಿದ. ವಾರಗಟ್ಟಲೆ ಮಾತು ಬಿಟ್ಟ. ಆಮೇಲೆ ಒಂದು ದಿನ ಅಡುಗೆಮನೆಗೆ ಬಂದು, ಎಣ್ಣೆ ಬಾಟಲಿ ತಗೊಂಡು ನನ್ನ ಮುಂದೆ ಕುಕ್ಕಿದ. ಹೋಗೋದೇ ಆದ್ರೆ ಕಲಿತು ಹೋಗು ಅಂದ."

ಪೈಪಿನ ಮುಖವನ್ನೇ ಮತ್ತೆ ನೋಡಲೊಲ್ಲದ ಗುರು, ಗುರುವಿನ ಮಾತು ಬಿಟ್ಟು ಬೇರೇನೂ ಗೊತ್ತಿಲ್ಲದ ಶಿಷ್ಯೆ. ಪಾಠ ನಡೆದದ್ದೆಲ್ಲ ಒಲೆಯ ಪಕ್ಕ. ಆ ಪಾಠದ ಸಾರವನ್ನು ಪೈಪಕ್ಕ ಒಂದೇ ಉಸಿರಿನಲ್ಲಿ ಹೇಳುತ್ತಾರೆ: "ಹನಿ ನಂಬಬೇಡ, ಎಳೆ ನಂಬು."

ಹನಿ ಏಕೆ ಸುಳ್ಳು ಹೇಳುತ್ತದೆ? ಈ ಪ್ರಶ್ನೆಗೆ ಉತ್ತರ ತಿಳಿದಾಗ ಯಾರಿಗಾದರೂ ರೋಮಾಂಚನವಾಗಬೇಕು. ಹಂಡೆಯ ಉಸ್ತುವಾರಿ ನೋಡಿಕೊಳ್ಳುವ ಇಂಜಿನಿಯರ್ ಮೇಡಂ ಅದನ್ನು ಗೋಡೆಯ ಫ್ಯಾನು ತೋರಿಸಿ ಬಿಡಿಸಿ ಹೇಳುತ್ತಾರೆ. "ಈ ಫ್ಯಾನು ದಿನವಿಡೀ ತಿರುಗುತ್ತೆ. ಆದ್ರೂ ರೆಕ್ಕೆ ಮೇಲೆ ಧೂಳು ಕೂತೇ ಇರುತ್ತೆ. ಯಾಕೆ ಹಾರಿಹೋಗಲ್ಲ? ರೆಕ್ಕೆಗೆ ತಾಗಿರೋ ಗಾಳಿಯ ಪದರ ರೆಕ್ಕೆ ಬಿಟ್ಟು ಕದಲೋದೇ ಇಲ್ಲ. ಹರಿಯೋದು ಏನೇ ಇರ್ಲಿ, ನೀರು, ಗಾಳಿ, ಅಂಟು, ಗೋಡೆಗೆ ತಾಗಿದ ಪದರ ನಿಂತೇ ಇರುತ್ತೆ. ಅದರ ಪಕ್ಕದ್ದು ಒಂಚೂರು ಜಾರುತ್ತೆ, ಅದರ ಪಕ್ಕದ್ದು ಇನ್ನೊಂಚೂರು. ನಟ್ಟನಡುವಿನದ್ದು ಎಲ್ಲಕ್ಕಿಂತ ಜೋರು. ಅಂಟು ಮಂದ ನೋಡಿ, ಅದರಲ್ಲಿ ಗೋಡೆಯ ಹಿಡಿತ ನಡುವಿನವರೆಗೂ ಮುಟ್ಟುತ್ತೆ."

ಕೇಳುತ್ತ ನಿಂತ ಪೈಪಕ್ಕ ತಲೆಯಾಡಿಸುತ್ತಾರೆ. "ಸಿನಿಮಾ ಬಿಟ್ಟಾಗ ಓಣಿಯಲ್ಲಿ ಗೋಡೆಗೆ ಒತ್ತಿಕೊಂಡೋರು ಹಾಗೇ ಇರ್ತಾರೆ, ನಡುವೆ ಇದ್ದೋರು ಹೋಗಿಬಿಡ್ತಾರೆ. ಆದ್ರೆ ಮೇಡಂ, ಬೆಳಿಗ್ಗೆ ಉಲ್ಟಾ ಅಲ್ವಾ?" ಮೇಡಂ ಹೌದೆನ್ನುತ್ತಾರೆ. ಬಿಸಿ ಬರುವುದು ಹೊರಗಿನಿಂದ. ಹಾಗಾಗಿ ದಿನವಿಡೀ ಜಗ್ಗದೆ ಕೂತಿದ್ದ ಗೋಡೆಯ ಪದರವೇ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಸಡಿಲವಾಗುತ್ತದೆ. ದಿನವೆಲ್ಲ ಮುಂದೆ ಓಡುತ್ತಿದ್ದ ನಡುಭಾಗ ಇನ್ನೂ ಕಲ್ಲಿನ ದಿಂಡಾಗಿ ಬಿದ್ದಿರುತ್ತದೆ. ಬಾಯಿಯಲ್ಲಿ ಮೊದಲು ತೊಟ್ಟಿಕ್ಕುವ ಹನಿ ಆ ತೆಳು ಪದರದ್ದು. ಒಳಗಿನ ದಿಂಡು ಕರಗಿತು ಎನ್ನಲು ಅದು ಸಾಕ್ಷಿಯಲ್ಲ. ಹನಿಗಳು ಕೂಡಿಕೊಂಡು ಮುರಿಯದ ಒಂದು ಎಳೆಯಾಗಿ ಇಳಿದಾಗ ಮಾತ್ರ ದಾರಿ ತೆರೆದಿದೆ ಎಂದರ್ಥ. ಅಂದು ಅಣ್ಣನಿಗೂ ಈ ವ್ಯತ್ಯಾಸ ಗೊತ್ತಿತ್ತು. ಅವಸರಕ್ಕೆ ಗೊತ್ತಿರಲಿಲ್ಲ.

ಸಿಡಿದ ಜಾಯಿಂಟಿನಿಂದ ಕತ್ತರಿಸಿದ ಒಂದು ಉಂಗುರ ಪೈಪಕ್ಕನ ಮನೆಯಲ್ಲಿದೆ. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡುತ್ತಾರೆ. ಅದನ್ನು ಬೆಳಕಿಗೆ ಹಿಡಿದರೆ ಒಳಗಿನ ಅಂಟು ಮರದ ಕಾಂಡದ ಹಾಗೆ ಸುತ್ತುಸುತ್ತಾಗಿ ಕಾಣುತ್ತದೆ. ಗೋಡೆಗೆ ಅಂಟಿದ್ದು ಕಪ್ಪು, ಎಷ್ಟು ವರ್ಷದ್ದೋ ಯಾರಿಗೂ ತಿಳಿಯದು. ಆಮೇಲೆ ಕಂದು, ನಟ್ಟನಡುವೆ ಹೊನ್ನಿನ ಬಣ್ಣ. ಇಷ್ಟೆಲ್ಲ ಅಂಟು ಹರಿದು ಹೋಗಿ ಯಾವ ಯಾವ ಊರಿನ ಪುಸ್ತಕಗಳ ಬೆನ್ನಾಯಿತೋ, ಆ ಕಪ್ಪು ಸುತ್ತು ಮಾತ್ರ ಇದ್ದಲ್ಲೇ ಇತ್ತು. ಅಣ್ಣ ಅದನ್ನು ಕಾಲಿನಿಂದ ಸರಿಸಿ ಒಳಗೆ ಹೋಗುತ್ತಾರಂತೆ, ಬಗ್ಗಿ ನೋಡಿದ್ದಿಲ್ಲ.

ಆ ದುರಂತದ ನಂತರ ಕಾರ್ಖಾನೆಯಲ್ಲೊಂದು ಕಟ್ಟುನಿಟ್ಟಿನ ನಿಯಮ ಬಂತು. ಹಬೆ ಹಿಡಿದವರು ಕೆಲಸ ಮುಗಿಸುವವರೆಗೂ ಇನ್ನೊಬ್ಬರು ಬಾಯಿಯ ಮುಂದೆ ಸ್ಟೂಲು ಹಾಕಿ ಕೂತಿರಬೇಕು, ಕಂಡದ್ದನ್ನು ಕೂಗಿ ಹೇಳಬೇಕು. ತೆರೆದ ಬಾಯಿ ಚಳಿಗೆ ಮತ್ತೆ ಮುಚ್ಚಿಕೊಳ್ಳಲೂಬಹುದು, ಹಾಗಾಗಿ ಎದ್ದು ಹೋಗುವಂತಿಲ್ಲ. ಅಲ್ಲಿ ಕೂರುತ್ತಿದ್ದ ಡಬ್ಬ ತುಂಬುವಾತನಿಗೆ ನಿನ್ನೆ ಸಂಜೆ ಹೆಣ್ಣುಮಗು ಹುಟ್ಟಿದೆ. ಸಂತೋಷದ ಸುದ್ದಿಯೇ. ಆದರೆ ಇವತ್ತು ಸ್ಟೂಲು ಖಾಲಿ.

ಹಂಡೆಯಲ್ಲಿ ಅಂಟು ಆಗಲೇ ಬೆಂದಿದೆ. ಮಕ್ಕಳ ಪುಸ್ತಕಗಳಿಗೆ ಹೋಗಬೇಕಾದ ಅಂಟು. ಬೆಂದದ್ದನ್ನು ಬಿಸಿಯಲ್ಲೇ ಹೆಚ್ಚು ಹೊತ್ತು ಇಟ್ಟರೆ ಕಪ್ಪಾಗುತ್ತದೆ, ಕಪ್ಪಾದದ್ದಕ್ಕೆ ಹಿಡಿತವಿರುವುದಿಲ್ಲ. ಬೆಂಕಿ ಆರಿಸಿದರೆ ಹಂಡೆಯಲ್ಲೇ ಕಲ್ಲಾಗುತ್ತದೆ. ಮ್ಯಾನೇಜರ್ ಶತಪಥ ಹಾಕುತ್ತಿದ್ದಾರೆ. "ಲೋಡಿಂಗ್‌ನವರಲ್ಲಿ ಒಬ್ಬರನ್ನ ಕೂರಿಸ್ಕೊಂಡು ಶುರುಮಾಡಿ ಪೈಪಕ್ಕ." ಪೈಪಕ್ಕ ಕೊಳವೆ ಕೈಗೆತ್ತಿಕೊಳ್ಳುವುದಿಲ್ಲ. ಕೈಗವಸು ಕಳಚಿ ಗೇಟಿನತ್ತ ನಡೆಯುತ್ತಾರೆ. ಮ್ಯಾನೇಜರೂ ಹಿಂದೆಯೇ.

ಅಣ್ಣ ಗೇಟಿನ ಕೋಣೆಯ ಮುಂದೆ ಟೀ ಕುಡಿಯುತ್ತಿದ್ದಾರೆ.

"ಅಣ್ಣ, ಬಾಯಿ ಹತ್ರ ಯಾರೂ ಇಲ್ಲ."

"ಯಾರನ್ನಾದ್ರೂ ಕೂರಿಸ್ಕೋ."

"ಹನಿ ಯಾವುದು, ಎಳೆ ಯಾವುದು ಅಂತ ಅವರಿಗೆ ಗೊತ್ತಾಗಲ್ಲ."

"ಹೇಳಿಕೊಡು. ನಾನು ನಿನಗೆ ಹೇಳಿಕೊಡಲಿಲ್ವಾ?"

"ಹೇಳಿಕೊಡಬಹುದು. ನಂಬೋದು ಹೇಗೆ? ಪೈಪಿನ ಪಕ್ಕ ನಿಲ್ಲೋದು ನಾನಣ್ಣ."

ಅಣ್ಣ ಲೋಟ ಕೆಳಗಿಡುತ್ತಾರೆ. ಜೇಬಿನಲ್ಲಿದ್ದ ಬಲಗೈ ಒಮ್ಮೆ ಅಲುಗುತ್ತದೆ. ನೀನೇ ಬಂದು ಬಾಯಿಯ ಮುಂದೆ ಕೂರು ಎಂದು ತಂಗಿ ಇಷ್ಟು ವರ್ಷ ಕೇಳಬೇಕೆಂದುಕೊಂಡು ನುಂಗಿಕೊಂಡ ಮಾತು ಇದು. ಕೇಳಿದರೆ ಅಣ್ಣನ ಮನಸ್ಸು ನೋಯುತ್ತದೆಂದು ಸುಮ್ಮನಿದ್ದರು. ಈಗ ಮಾತು ಬಾಯಿಂದ ಬಿದ್ದಾಗಿದೆ, ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

"ಗೇಟ್ ಯಾರು ನೋಡ್ಕೋತಾರೆ?" ಎನ್ನುತ್ತಾರೆ ಅಣ್ಣ, ಕೊನೆಗೆ.

"ಮ್ಯಾನೇಜರ್ ನೋಡ್ಕೋತಾರಂತೆ."

ಮ್ಯಾನೇಜರ್ ಹಾಗೆಂದು ಎಲ್ಲಿಯೂ ಹೇಳಿರಲಿಲ್ಲ. ಆದರೂ ತಕರಾರಿಲ್ಲದೆ ಕೈಚಾಚಿ ಗೇಟಿನ ಬೀಗದ ಕೈ ಇಸಿದುಕೊಳ್ಳುತ್ತಾರೆ. ಅಣ್ಣ ಎದ್ದು ತೂಕದ ಕಟ್ಟೆ ಹತ್ತುತ್ತಾರೆ, ಇಳಿಯುತ್ತಾರೆ. ಲಾರಿಗಳನ್ನು ತೂಗಿ ತೂಗಿ ಬೇಸತ್ತ ತೂಕದವನು ಕಿಟಕಿಯಿಂದ ಕತ್ತು ಹೊರಹಾಕಿ, "ಇವತ್ತು ನನ್ನ ಮುಳ್ಳು ಅಲ್ಲಾಡ್ತು ನೋಡ್ರಪ್ಪ," ಎನ್ನುತ್ತಾನೆ. ಯಾರೂ ನಗುವುದಿಲ್ಲ, ಅವನೂ ನಗುವುದಿಲ್ಲ.

ಅಣ್ಣ ಶೆಡ್ಡಿನ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಾರೆ. ಪೈಪಕ್ಕ ಗೋಡೆಯ ಹೊರಗೆ ಗೋಣಿ ಸುತ್ತಿ ಹಬೆ ಬಿಡುತ್ತಾರೆ. ಬುಸ್ ಎಂಬ ಸದ್ದು, ಒದ್ದೆ ಗೋಣಿಯ ವಾಸನೆ, ಬೆಳಗಿನ ಬೆಳಕಿನಲ್ಲಿ ಬೆಳ್ಳಗೆ ಏಳುವ ಆವಿ. ಒಳಗೆ ಪೈಪಿನ ಬಾಯಿ ಒಣಗಿ ಹೊಳೆಯುತ್ತಿದೆ. ಏನೂ ಇಲ್ಲ, ಏನೂ ಇಲ್ಲ. ಆಮೇಲೆ ಅಂಚಿನಲ್ಲಿ ಒಂದು ಒದ್ದೆ ಗೆರೆ. ಗೆರೆ ಕೆಳಗೆ ಜಾರಿ ಉಬ್ಬುತ್ತದೆ, ತೂಗುತ್ತದೆ, ಬೀಳುತ್ತದೆ.

"ಬಂತಾ?" ಹಂಡೆಯ ಬಳಿಯಿಂದ ಇಂಜಿನಿಯರ್ ಮೇಡಂ ಕೂಗುತ್ತಾರೆ. ಅಂಟಿನ ಬಣ್ಣ ತಿರುಗುವ ಹೊತ್ತಾಗುತ್ತಿದೆ.

"ಹನಿ," ಎನ್ನುತ್ತಾರೆ ಅಣ್ಣ.

ಇನ್ನೊಂದು ಬೀಳುತ್ತದೆ. ಮತ್ತೊಂದು. ಹನಿಗಳ ನಡುವಿನ ಬಿಡುವು ಕಡಿಮೆಯಾಗುತ್ತಿದೆ. ಕೆಳಗಿಟ್ಟ ಬಕೆಟ್ಟಿನಲ್ಲಿ ಹೊನ್ನಿನ ಬಿಲ್ಲೆಗಳು ಒಂದರ ಮೇಲೊಂದು ಬಿದ್ದು ಗಟ್ಟಿಯಾಗುತ್ತಿವೆ. ಇಷ್ಟು ಬಿದ್ದಮೇಲೆ ಇನ್ನೇನು, ತೆರೆದೇ ತೆರೆದಿದೆ ಎಂದು ಯಾರಿಗಾದರೂ ಅನಿಸಬೇಕು. ಡಬ್ಬ ತುಂಬುವ ಸಾಲಿನ ಹೆಂಗಸರು ಬಾಗಿಲಲ್ಲಿ ಗುಂಪುಗೂಡಿದ್ದಾರೆ, ಅವರಲ್ಲೊಬ್ಬರು ತಡೆಯಲಾರದೆ "ಬಂತಲ್ಲ ಅಣ್ಣ, ಹೇಳಿಬಿಡಿ" ಎನ್ನುತ್ತಾರೆ. ಅಣ್ಣ ಅತ್ತ ತಿರುಗುವುದೂ ಇಲ್ಲ. ಅವರ ಕಣ್ಣು ಪೈಪಿನ ಬಾಯಿಯ ಮೇಲಿದೆ. ಬಲಗೈ ಯಾವಾಗ ಜೇಬಿನಿಂದ ಹೊರಬಂತೋ, ಮೊಣಕಾಲಿನ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿದೆ.

"ಅಣ್ಣ?" ಗೋಡೆಯಾಚೆಯಿಂದ ತಂಗಿಯ ದನಿ.

"ಹನಿ ಕಣೇ. ಅಲ್ಲೇ ಇರು. ಅಲ್ಲಿಂದ ಕದಲಬೇಡ."

ಪೈಪಕ್ಕ ಕದಲುವುದಿಲ್ಲ. ಹಬೆಯ ಬಿಸಿಗೆ ಮುಖ ಕೆಂಪಾಗಿದೆ, ಬೆವರು ಗಲ್ಲದಿಂದ ಇಳಿಯುತ್ತಿದೆ. ಗೋಡೆಯಾಚೆ ಏನಾಗುತ್ತಿದೆ ಎಂದು ಅವರಿಗೆ ಕಾಣುವುದಿಲ್ಲ. ಅಣ್ಣನ ಕಣ್ಣೇ ಅವರ ಕಣ್ಣು. ಮ್ಯಾನೇಜರ್ ಗೇಟು ಬಿಟ್ಟು ಬರುವಂತಿಲ್ಲ, ಅಲ್ಲಿಂದಲೇ ಕತ್ತು ಉದ್ದಮಾಡುತ್ತಿದ್ದಾರೆ. ಇಡೀ ಕಾರ್ಖಾನೆ ಒಬ್ಬ ಗೇಟಿನವನ ಬಾಯಿಂದ ಬೀಳುವ ಒಂದು ಮಾತಿಗೆ ಉಸಿರು ಬಿಗಿಹಿಡಿದು ನಿಂತಿದೆ.

ಆಗ ಒಂದು ಹನಿ ಬಿತ್ತು, ಆದರೆ ಬಾಯಿಯನ್ನು ಬಿಡಲಿಲ್ಲ. ಅದರ ಹಿಂದೆಯೇ ಕೂದಲಿನಷ್ಟು ತೆಳ್ಳಗಿನ ಬಾಲ. ಬಾಲ ಮುರಿಯಲಿಲ್ಲ. ಇನ್ನೊಂದು ಹನಿ ಬಂದು ಅದನ್ನೇ ಹಿಡಿದು ಇಳಿಯಿತು. ನೋಡನೋಡುತ್ತಿದ್ದಂತೆ ಪೈಪಿನ ಬಾಯಿಯಿಂದ ಬಕೆಟ್ಟಿನ ತಳದವರೆಗೆ ಹೊನ್ನಿನ ಒಂದು ದಾರ ನೆಟ್ಟಗೆ ನಿಂತುಬಿಟ್ಟಿತು. ಅದು ಹರಿಯುತ್ತಿದೆಯೋ ನಿಂತಿದೆಯೋ ಕಣ್ಣಿಗೆ ತಿಳಿಯದು. ತಳದಲ್ಲಿ ಮಾತ್ರ ಮೆಲ್ಲಗೆ ಸುರುಳಿ ಸುತ್ತಿಕೊಳ್ಳುತ್ತಿದೆ, ಯಾರೋ ಕೂತು ಹಗ್ಗ ಮಡಿಸಿಡುತ್ತಿರುವ ಹಾಗೆ. ರಾತ್ರಿಯೆಲ್ಲ ಕಲ್ಲಾಗಿದ್ದದ್ದು ಇದೇ ಎಂದರೆ ನಂಬುವುದು ಕಷ್ಟ.

ಅಣ್ಣ ಬಗ್ಗಿ, ದಾರ ಎಲ್ಲಿಯೂ ಕಡಿದಿಲ್ಲವೇ ಎಂದು ಮೇಲಿನಿಂದ ತಳದವರೆಗೆ ನೋಡುತ್ತಾರೆ. ಆಮೇಲೆ ಶೆಡ್ಡಿನ ತಗಡು ನಡುಗುವಂತೆ ಕೂಗುತ್ತಾರೆ:

"ಎಳೆ ಬಂತು!"

ಗೋಡೆಯಾಚೆ ಪೈಪಕ್ಕ ಕಣ್ಣೊರೆಸಿಕೊಳ್ಳುತ್ತಾರೆ. ಬೆವರು ಎನ್ನುತ್ತಾರೆ. ನಂಬುವವರು ನಂಬಲಿ. ಗೋಣಿ ಬಿಚ್ಚಿ ಒಂದು ಮಾರು ಹಿಂದಕ್ಕೆ ಸುತ್ತಿ ಮತ್ತೆ ಹಬೆ ಬಿಡುತ್ತಾರೆ. ಪ್ರತಿ ಮಾರಿಗೂ ಒಳಗಿನಿಂದ ದನಿ ಬರುತ್ತದೆ, "ಎಳೆ ಇದೆ, ಎಳೆ ಇದೆ." ಸೂರ್ಯ ತಗಡಿನ ಅಂಚಿಗೆ ಬರುವ ಹೊತ್ತಿಗೆ ಪೈಪಕ್ಕ ಹಂಡೆ ತಲುಪುತ್ತಾರೆ. ಮೇಡಂ ಪಂಪು ಚಾಲೂ ಮಾಡುತ್ತಾರೆ. ಪೈಪು ಸಣ್ಣಗೆ ಗುಂಯ್‌ಗುಡುತ್ತದೆ. ಅಂಟಿನ ಬಣ್ಣ ಕೆಟ್ಟಿಲ್ಲ. ಡಬ್ಬಗಳು ಸಾಲುಹಿಡಿದು ತುಂಬತೊಡಗುತ್ತವೆ.

ಕೆಲಸ ಮುಗಿದ ಮೇಲೆ ಅಣ್ಣ ತಂಗಿ ಇಬ್ಬರೂ ಪೈಪಿನ ಪಕ್ಕ ನಿಂತಿದ್ದಾರೆ. ಅಷ್ಟು ದೊಡ್ಡ ಸಂಗತಿ ನಡೆದಿದ್ದರೂ ಆಡುವ ಮಾತು ಅತ್ತಿಗೆ ಕಟ್ಟಿಕೊಟ್ಟ ತಿಂಡಿಯದು. ಅಣ್ಣ ಎಡಗೈ ಚಾಚಿ, ಆಮೇಲೆ ಏನನ್ನಿಸಿತೋ ಅದನ್ನು ಹಿಂದೆಗೆದು, ಮಡಚಿದ ಬಲಗೈಯ ಹಿಂಭಾಗವನ್ನು ಪೈಪಿಗೆ ತಾಗಿಸಿ ನೋಡುತ್ತಾರೆ. "ಹದವಾಗಿದೆ," ಎನ್ನುತ್ತಾರೆ. ಅಷ್ಟೇ ಹೇಳಿ ಗೇಟಿನತ್ತ ಹೊರಡುತ್ತಾರೆ. ಅಲ್ಲಿ ಮ್ಯಾನೇಜರ್ ಒಂದು ಲಾರಿಯವನ ಜೊತೆ ಜಗಳಕ್ಕೆ ನಿಂತಿದ್ದಾರೆ.

ನಮ್ಮಂಥ ಪತ್ರಿಕೆಯವರು ಬಂದರೆ ಕೊನೆಗೆ ಕೇಳುವ ಪ್ರಶ್ನೆ ಒಂದೇ, ನಿಮ್ಮ ಆಸೆ ಏನು? ಬಿಸಿಯಾಗುವ ತಂತಿ ಸುತ್ತಿದ ಹೊಸ ಪೈಪು ಬರುತ್ತದೆಂಬ ಮಾತಿದೆ. ಅದು ಬೇಗ ಬರಲಿ ಎನ್ನುತ್ತಾರೇನೋ ಎಂದುಕೊಂಡರೆ ಪೈಪಕ್ಕ ಒದ್ದೆ ಗೋಣಿ ಹಿಂಡುತ್ತ ಬೇರೆಯೇ ಹೇಳುತ್ತಾರೆ. "ಬರೋದು ಬಂದಾಗ ಬರಲಿ. ನನಗೆ ಒಂದೇ ಒಂದು ಆಸೆ ಇತ್ತು, ಅದನ್ನ..."

ಮಾತು ಮುಗಿಯುವುದಿಲ್ಲ. ತೂಕದ ಕಟ್ಟೆಯವರೆಗೆ ಹೋಗಿದ್ದ ಅಣ್ಣ ಅಲ್ಲಿಂದಲೇ ತಿರುಗಿ ಕೂಗುತ್ತಾರೆ:

"ಲೇ, ನಾಳೆ ಸ್ಟೂಲು ಸ್ವಲ್ಪ ಹಿಂದಕ್ಕೆ ಹಾಕು. ಮುಖಕ್ಕೆ ಬಿಸಿ ಹೊಡೆಯುತ್ತೆ."

ಪೈಪಕ್ಕ ನಾಳೆಯವರೆಗೆ ಕಾಯುವುದಿಲ್ಲ. ಒಳಗೆ ಹೋಗಿ ಸ್ಟೂಲನ್ನು ಒಂದು ಗೇಣು ಹಿಂದಕ್ಕೆ ಎಳೆದು, ಅಲುಗಾಡುತ್ತದೆಯೇ ಎಂದು ಕೈಯೂರಿ ನೋಡುತ್ತಾರೆ.